ಮಾನವನು ಮಾಡಿದ ಕೈ

ಮಂಡ್ಯದ ಸೀಮೆಯಿಂದ ಸೋದರಿಯೊಬ್ಬರು ನಮಗೆ ಪತ್ರವೊಂದನ್ನು ಬರೆದಿರುವರು. ಅವರ ಮಗನಿಗೆ 19 ವರ್ಷ. ಎರಡು ತಿಂಗಳ ಹಿಂದೆ ಆಲೆಮನೆಯ ಗಾಣಕ್ಕೆ ಕಬ್ಬನ್ನು ಕೊಡುತ್ತಿರುವಾಗ ಅವನ ಬಲಗೈ ಉರುಳೆಗಳ ನಡುವೆ ಸಿಕ್ಕಿಕೊಂಡಿತು. ವೈದ್ಯರು ಪ್ರಾಣವನ್ನು ಉಳಿಸಿದರು, ಮೊಳಕೈಯೂ ಉಳಿಯಿತು, ಅದರ ಕೆಳಗೆ ಆರು ಅಂಗುಲದಷ್ಟು ಮುಂಗೈ ಮಾತ್ರ ನಿಂತಿರುವುದು. ಎಡಗೈಯಿಂದ ಉಣ್ಣಲು ನಾಚಿ ಹುಡುಗನು ಎಲ್ಲರೊಡನೆ ಪಂಕ್ತಿಗೆ ಕುಳಿತುಕೊಳ್ಳನಂತೆ. ಅಡಿಗೆಯ ಮನೆಯ ಮೂಲೆಯಲ್ಲಿ ಗೋಡೆಯ ಕಡೆಗೆ ತಿರುಗಿ ಉಣ್ಣುವನಂತೆ. ಅವನ ಸೋದರಮಾವನು ಮೊಬೈಲಿನಲ್ಲಿ ಒಂದು ಚಲಚ್ಚಿತ್ರವನ್ನು ತೋರಿಸಿರುವನು. ಅದರಲ್ಲಿ ಕಪ್ಪು ಬಣ್ಣದ ಯಂತ್ರದ ಕೈಯೊಂದು ಐದು ಬೆರಳುಗಳನ್ನೂ ಆಡಿಸುತ್ತ ಕೋಳಿಮೊಟ್ಟೆಯನ್ನು ಒಡೆಯದಂತೆ ಎತ್ತಿಡುವುದಂತೆ. “ಅರ್ಧ ಎಕರೆ ಗದ್ದೆ ಮಾರಿದರೆ ಈ ಕೈ ಬರುತ್ತದೆ ಅಕ್ಕ, ಯೋಚನೆ ಮಾಡಬೇಡ” ಎಂದು ಅವನು ಹೇಳುತ್ತಿರುವನು. ಸೋದರಿಯವರ ಪ್ರಶ್ನೆಗಳು ಮೂರು: ಮನಸ್ಸಿನಲ್ಲಿ ನೆನೆದೊಡನೆ ಆಡುವ ಕೈ ನಿಜವಾಗಿಯೂ ಉಂಟೇ? ಆ ಕೈಗೆ ಮುಟ್ಟಿದುದು ತಿಳಿಯುವುದೇ? ಗದ್ದೆಯನ್ನು ಮಾರಬಹುದೇ?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಕೊಡಬೇಕಾದರೆ ಮೊದಲಿನ ಎರಡನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗುವುದು. ಆದುದರಿಂದ ಈ ತಿಂಗಳಿನ ಪುಟಗಳನ್ನು ಇದಕ್ಕಾಗಿಯೇ ಮೀಸಲಿಟ್ಟಿರುವೆವು.

ಕೈಯನ್ನು ಕಳೆದುಕೊಂಡವನಿಗೆ ಬೇರೊಂದು ಕೈಯನ್ನು ಮಾಡಿಕೊಡಬೇಕೆಂಬ ಆಸೆಯು ಬಹು ಪುರಾತನವಾದುದು. ಸವಿತೃದೇವನ ಕೈಗಳು ತುಂಡಾದುವೆಂದೂ, ದೇವತೆಗಳು ಆತನಿಗೆ ಚಿನ್ನದ ಕೈಗಳನ್ನು ಜೋಡಿಸಿದರೆಂದೂ, ಅದರಿಂದಲೇ ಆತನಿಗೆ ಹಿರಣ್ಯಪಾಣಿಯೆಂಬ ಹೆಸರಾಯಿತೆಂದೂ ಕೌಷೀತಕೀ ಬ್ರಾಹ್ಮಣದಲ್ಲಿ ಕಥೆಯುಂಟು. ಮನುಷ್ಯರ ಚರಿತ್ರೆಗೆ ಬಂದರೆ, ಜರ್ಮನಿಯ ಗೆಟ್ಸ್ ಫಾನ್ ಬೆರ್ಲಿಖಿಂಗೆನ್ ಎಂಬ ವೀರನು 1504ನೆಯ ಇಸವಿಯಲ್ಲಿ ಲಾಂಡ್ಸ್‌ಹೂಟ್ ನಗರದ ಮುತ್ತಿಗೆಯಲ್ಲಿ ಫಿರಂಗಿಯ ಗುಂಡಿಗೆ ಬಲಗೈಯನ್ನು ಒಪ್ಪಿಸಿದನು. ಅವನಿಗಾಗಿ ಮಾಡಿದ ಕಬ್ಬಿಣದ ಕೈಯನ್ನು ಯಾಗ್ಸ್ಟ್‌ಹೌಸೆನ್ ಎಂಬಲ್ಲಿನ ಕೋಟೆಯಲ್ಲಿ ಕಾಪಾಡಿಕೊಂಡು ಬಂದಿರುವರು. ಅದರ ಬೆರಳುಗಳನ್ನು ಎಡಗೈಯಿಂದ ಮಡಿಸಿದರೆ ಒಳಗಿನ ಕೀಲು ಕಚ್ಚಿಕೊಂಡು ಹಾಗೆಯೇ ನಿಲ್ಲುವುದು. ಗುಂಡಿಯನ್ನು ಒತ್ತಿದರೆ ಬೆರಳುಗಳು ಬಿಚ್ಚಿಕೊಳ್ಳುವುವು. ಕುದುರೆಯ ಲಗಾಮಿಗೂ ಕತ್ತಿಯ ಹಿಡಿಗೂ ಅಷ್ಟೇ ಸಾಕಾಗಿತ್ತು. ಆದರೆ ಆ ಕೈ ತನ್ನಷ್ಟಕ್ಕೆ ತಾನು ಏನನ್ನೂ ಮಾಡಲಾರದು. ಅದಕ್ಕೆ ಇನ್ನೊಂದು ಕೈಯ ಸೇವೆಯು ಬೇಕು.

ಈ ಪರಾಧೀನತೆಯನ್ನು ಮೊದಲು ತಪ್ಪಿಸಲೆತ್ನಿಸಿದವನು ಬರ್ಲಿನ್ ನಗರದ ಪೀಟರ್ ಬಾಲಿಫ್ ಎಂಬ ದಂತವೈದ್ಯನು. 1818ರಲ್ಲಿ ಆತನು ಹೆಗಲು ಮತ್ತು ಎದೆಯ ಚಲನೆಯನ್ನೇ ಪಟ್ಟಿಗಳ ಮೂಲಕ ಬೆರಳುಗಳಿಗೆ ಸಾಗಿಸುವ ಉಪಾಯವನ್ನು ಕಂಡುಹಿಡಿದನು. ಅಮೆರಿಕದಲ್ಲಿ ಮರದ ಕೊಯ್ಗಾರ್ಖಾನೆಯೊಂದರಲ್ಲಿ ಬಲಗೈಯನ್ನು ಕಳೆದುಕೊಂಡ ಡಾರೆನ್ಸ್ ಎಂಬಾತನು 1912ರಲ್ಲಿ ತನಗಾಗಿಯೇ ಕಲ್ಪಿಸಿಕೊಂಡ ಎರಡು ಸೀಳಿನ ಉಕ್ಕಿನ ಕೊಕ್ಕೆಯು ಈ ಮಾರ್ಗದಲ್ಲಿ ಇಂದಿಗೂ ಪ್ರಸಿದ್ಧವಾಗಿರುವುದು. ರಬ್ಬರಿನ ಬಳೆಗಳು ಕೊಕ್ಕೆಯನ್ನು ಮುಚ್ಚಿಡುವುವು. ಹೆಗಲನ್ನು ಮುಂದಕ್ಕೆ ಚಾಚಿದರೆ ಬೆನ್ನಿನ ಮೇಲಿಂದ ಬಂದ ತಂತಿಯು ಎಳೆದು ಅದನ್ನು ತೆರೆಯುವುದು. ನೋಡಲು ಕೈಯ ಹಾಗಿಲ್ಲ. ಮಕ್ಕಳು ಹೆದರುವುದೂ ಉಂಟು. ಆದರೂ ತಂತಿಯು ಎಷ್ಟು ಬಿಗಿಯಾಯಿತೆಂಬುದು ಹೆಗಲಿಗೆ ತಿಳಿಯುವುದರಿಂದ, ಹಿಡಿದ ವಸ್ತುವು ಎಷ್ಟು ದಪ್ಪ, ಕೊಕ್ಕೆಯು ಎಷ್ಟು ತೆರೆದಿದೆ ಎಂಬುದನ್ನು ಕಣ್ಣಿನಿಂದ ನೋಡದೆಯೇ ಊಹಿಸಬಹುದು. ಈ ಮಾತನ್ನು ಓದುಗರು ಜ್ಞಾಪಕದಲ್ಲಿಡಬೇಕು. ಮುಂದೆ ಇದರಿಂದ ಕೆಲಸವಿದೆ.

ಇನ್ನು ಸೋದರಮಾವನು ತೋರಿಸಿದ ವಿದ್ಯುತ್ತಿನ ಕೈಗೆ ಬರೋಣ. ಓದುಗರು ಕುಳಿತಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಿ ನೋಡಬಹುದು. ಬಲಗೈಯ ಮುಂಗೈಯನ್ನು ಮೊಳಕೈಯ ಸಮೀಪದಲ್ಲಿ ಎಡಗೈಯಿಂದ ಹಿಡಿದುಕೊಂಡು, ಬಲಗೈಯ ಬೆರಳುಗಳನ್ನು ಮಡಿಸಿರಿ, ಬಿಡಿಸಿರಿ. ಬೆರಳು ಆಡಿದಂತೆಲ್ಲ ಮುಂಗೈಯೊಳಗೆ ಏನೋ ಹೊರಳಿದಂತಾಗುವುದಲ್ಲವೇ? ಬೆರಳುಗಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಬೆರಳಿನಲ್ಲಿಲ್ಲ. ಅವು ಮುಂಗೈಯಲ್ಲಿದ್ದು, ಉದ್ದವಾದ ಹುರಿಗಳಿಂದ ಬೆರಳುಗಳನ್ನು ಎಳೆಯುವುವು, ಸೂತ್ರದ ಗೊಂಬೆಯನ್ನು ಆಡಿಸಿದಂತೆ. ಆದುದರಿಂದ ಅಂಗೈ ಹೋದರೂ ಆಡಿಸುವವನು ಹಿಂದೆ ಉಳಿದೇ ಇರುವನು. ಆ ಹುಡುಗನು ಇಲ್ಲದ ಬೆರಳನ್ನು ಮಡಿಸಬೇಕೆಂದು ನೆನೆದರೆ ಉಳಿದ ಆರು ಅಂಗುಲದಲ್ಲಿ ಸ್ನಾಯುಗಳು ಈಗಲೂ ಬಿಗಿಯುವುವು. ಸ್ನಾಯು ಬಿಗಿದಾಗ ಅತಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುವುದು. ವೋಲ್ಟಿನ ಸಾವಿರದಲ್ಲೊಂದು ಪಾಲು ಅಥವಾ ಅದಕ್ಕಿಂತಲೂ ಕಡಮೆಯಾದ ಈ ವಿದ್ಯುತ್ತನ್ನು ಚರ್ಮದ ಮೇಲಿಟ್ಟ ಲೋಹದ ಬಿಲ್ಲೆಗಳಿಂದ ಗುರುತಿಸಿ, ನೂರಾರು ಪಾಲು ಹೆಚ್ಚಿಸಿ, ಅದರಿಂದ ಮೋಟಾರನ್ನು ನಡೆಸುವುದೇ ವಿದ್ಯುತ್ತಿನ ಕೈಯ ಮರ್ಮವು.

ಇದನ್ನು ಮೊದಲು ಸಾಧಿಸಿ ತೋರಿಸಿದವನು ಮ್ಯೂನಿಕ್ ನಗರದ ರೈನ್‌ಹೋಲ್ಡ್ ರೈಟರ್. ಆತನ ಲೇಖನವು 1948ರಲ್ಲಿ ಪ್ರಕಟವಾಯಿತು. ಆಗಿನ ರೇಡಿಯೋ ಕೊಳವೆಗಳ ಭಾರದಿಂದ ಆ ಯಂತ್ರವು ಹೊತ್ತು ತಿರುಗತಕ್ಕದ್ದಾಗಿರಲಿಲ್ಲ. ಟ್ರಾನ್ಸಿಸ್ಟರುಗಳು ಬಂದ ಮೇಲೆ ರಷ್ಯದ ಕೊಬ್ರಿನ್‌ಸ್ಕಿ ಎಂಬ ವಿದ್ವಾಂಸನೂ ಆತನ ಸಂಗಡಿಗರೂ ಧರಿಸಬಹುದಾದ ಕೈಯನ್ನು ಮಾಡಿ 1960ರಲ್ಲಿ ಹೊರದೇಶದವರಿಗೆ ತೋರಿಸಿದರು. ಅದೇ ಕಾಲದಲ್ಲಿ ಥಾಲಿಡೊಮೈಡ್ ಎಂಬ ಔಷಧವನ್ನು ಸೇವಿಸಿದ ಗರ್ಭಿಣಿಯರಿಗೆ ಕೈಕಾಲುಗಳು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದರು. ಆ ಔಷಧವನ್ನು 1961ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಳ್ಳತೊಡಗಿದರು. ಯೂರೋಪಿನ ಸರಕಾರಗಳು ಆ ಮಕ್ಕಳಿಗೆ ಯಂತ್ರದ ತೋಳುಗಳನ್ನು ಮಾಡಿಸಲು ಧಾರಾಳವಾಗಿ ಹಣವನ್ನು ವೆಚ್ಚಮಾಡಿದುವು. ಆದರೆ ಮಕ್ಕಳಲ್ಲಿ ಅನೇಕರು ಆ ಭಾರವಾದ ತೋಳುಗಳನ್ನು ಕಳಚಿಟ್ಟು ಕಾಲ್ಬೆರಳುಗಳಿಂದಲೇ ಬರೆಯಲೂ ಉಣ್ಣಲೂ ಕಲಿತುಕೊಂಡರು! ದೊಡ್ಡವರು ಅಂದಮಾಡಿ ಕೊಟ್ಟುದೆಲ್ಲವೂ ಮಕ್ಕಳಿಗೆ ಉಪಯೋಗವಾಗಬೇಕೆಂದಿಲ್ಲವಷ್ಟೆ.

2007ರಲ್ಲಿ ಸ್ಕಾಟ್ಲೆಂಡಿನವರು ಒಂದೊಂದು ಬೆರಳಿಗೂ ಒಂದೊಂದು ಮೋಟಾರನ್ನು ಅಳವಡಿಸಿದ ಕೈಯನ್ನು ಮಾರಾಟಕ್ಕೆ ತಂದರು. ಮೊಬೈಲಿನಲ್ಲಿ ಕಾಣುವ ಕಪ್ಪು ಕೈಗಳು ಬಹುಮಟ್ಟಿಗೆ ಇದರ ವಂಶದವು. ಆದುದರಿಂದ ಸೋದರಿಯವರ ಮೊದಲನೆಯ ಪ್ರಶ್ನೆಗೆ, ಉಂಟು ಎಂದೇ ಉತ್ತರವನ್ನು ಹೇಳಬೇಕು. ಆದರೆ ಈ ‘ಉಂಟು’ ಎಂಬುದರ ಬೆನ್ನಿಗೆ ದೊಡ್ಡದೊಂದು ‘ಆದರೆ’ ಇರುವುದು. ಸಾಮಾನ್ಯವಾಗಿ ಇಂತಹ ಕೈಗೆ ಮುಂಗೈಯಿಂದ ಹೋಗುವ ಆಜ್ಞೆಗಳು ಎರಡೇ: ಒಂದು ಸ್ನಾಯು ಬಿಗಿದರೆ ಮುಚ್ಚು, ಇನ್ನೊಂದು ಬಿಗಿದರೆ ತೆರೆ. ಯಾವ ಬೆರಳು, ಎಂತಹ ಹಿಡಿತ ಎಂಬುದನ್ನು ಆರಿಸಲು ಎರಡನ್ನೂ ಒಟ್ಟಿಗೆ ಬಿಗಿಯುವುದು, ಗುಂಡಿಯನ್ನು ಒತ್ತುವುದು ಮೊದಲಾದ ಸಂಕೇತಗಳನ್ನು ಕಲಿಯಬೇಕು. ಹತ್ತಾಳುಗಳಿರುವ ಮನೆಯ ಯಜಮಾನನಿಗೆ ‘ಬಾ’, ‘ಹೋಗು’ ಎಂಬ ಎರಡು ಮಾತುಗಳು ಮಾತ್ರ ಬರುವುವೆಂದು ಊಹಿಸಿಕೊಳ್ಳಿರಿ. ಆಳುಗಳು ಎಷ್ಟು ಕುಶಲರಾದರೇನು, ಮನೆಯ ಕೆಲಸವು ಹೇಗೆ ನಡೆದೀತು?

2007ರಲ್ಲಿಯೇ ಕೆನಡದ ಇಬ್ಬರು ಸಂಶೋಧಕರು ಅದಕ್ಕೆ ಹಿಂದಿನ 25 ವರ್ಷಗಳ ವರದಿಗಳನ್ನೆಲ್ಲ ಕೂಡಿಸಿ ನೋಡಿದರು. ಕೃತಕ ಕೈಯನ್ನು ಪಡೆದ ವಯಸ್ಕರಲ್ಲಿ ತಂತಿಯ ಕೈಯನ್ನು ಬಿಟ್ಟವರು ಸರಾಸರಿ ನೂರಕ್ಕೆ 26. ವಿದ್ಯುತ್ತಿನ ಕೈಯನ್ನು ಬಿಟ್ಟವರು ನೂರಕ್ಕೆ 23. ಇಷ್ಟೊಂದು ಯಂತ್ರಗಳನ್ನು ತುಂಬಿದುದರಿಂದ ಆದ ಲಾಭವು ಇಷ್ಟೇ! ಮಕ್ಕಳ ಲೆಕ್ಕವು ಇನ್ನೂ ಹೆಚ್ಚು: 45 ಮತ್ತು 35. ನಮ್ಮ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರಿಗೂ ಒಂದು ಕೃತಕ ಕೈ ಇತ್ತು. ಮದುವೆ ಮುಂಜಿಗಳಿಗೆ ಹೊರಡುವಾಗ ಮಾತ್ರ ಅದನ್ನು ಕಟ್ಟಿಕೊಳ್ಳುತ್ತಿದ್ದರು. ಉಳಿದ ದಿನಗಳಲ್ಲಿ ಅದು ಕೊಡೆಯ ಪಕ್ಕದಲ್ಲಿ ಗೂಟಕ್ಕೆ ತೂಗುತ್ತಿತ್ತು. 2016ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ಬಳಿ ಕೃತಕ ಕೈಗಳವರ ಪಂದ್ಯವೊಂದು ನಡೆಯಿತು. ಬಟ್ಟೆಯನ್ನು ಒಣಹಾಕುವುದು, ಬ್ರೆಡ್ಡನ್ನು ಕೊಯ್ಯುವುದು ಮೊದಲಾದ ಗೃಹಕೃತ್ಯಗಳೇ ಅಲ್ಲಿ ಪರೀಕ್ಷೆಗಳು. ಬಗೆಬಗೆಯ ಮೋಟಾರಿನ ಕೈಗಳು ಬಂದಿದ್ದರೂ ಮೊದಲನೆಯ ಸ್ಥಾನವನ್ನು ಗಳಿಸಿದುದು ಬ್ಯಾಟರಿಯೇ ಇಲ್ಲದ, ಹೆಗಲಿನ ತಂತಿಯ ಕೈ. ಮೇಲೆ ಜ್ಞಾಪಕದಲ್ಲಿಡಬೇಕೆಂದುದರ ಕಾರಣವು ಇದೇ. ಆ ತಂತಿಯು ಆಜ್ಞೆಯನ್ನು ಒಯ್ಯುವುದು ಮಾತ್ರವಲ್ಲ, ವಾರ್ತೆಯನ್ನು ಹಿಂದಕ್ಕೆ ತರುವುದು. ಬೆರಳುಗಳನ್ನು ಮಾಡುವುದು ಕಠಿಣವಲ್ಲ. ಮನುಷ್ಯನಿಗೂ ಬೆರಳಿಗೂ ನಡುವಣ ದಾರಿಯನ್ನು, ಹೋಗುವ ದಾರಿ ಬರುವ ದಾರಿ ಎರಡನ್ನೂ, ಕಟ್ಟುವುದೇ ಕಠಿಣವು. ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳ ಅತ್ಯುತ್ತಮ ಕೆಲಸವೆಲ್ಲ ಈ ದಾರಿಯ ಕೆಲಸವೇ ಆಗಿರುವುದು.

ಹೋಗುವ ದಾರಿಯನ್ನು ಅಗಲಮಾಡಿದವರಲ್ಲಿ ಶಿಕಾಗೋ ನಗರದ ಡಾಕ್ಟರ್ ಟಾಡ್ ಕೈಕೆನ್ ಪ್ರಮುಖರು. 2001ರಲ್ಲಿ ಅಮೆರಿಕದ ವಿದ್ಯುತ್ ತಂತಿಯ ಕೆಲಸಗಾರನೊಬ್ಬನು ಆಘಾತಕ್ಕೆ ಸಿಕ್ಕಿ ಎರಡು ತೋಳುಗಳನ್ನೂ ಭುಜದ ತನಕ ಕಳೆದುಕೊಂಡನು. ತೋಳು ಹೋದರೂ ಮಿದುಳಿನಿಂದ ತೋಳಿಗೆ ಹೋಗುತ್ತಿದ್ದ ನರಗಳ ಬುಡಗಳು ಹೆಗಲಿನಲ್ಲಿ ಉಳಿದಿರುವುವು. ಊರು ಮುಳುಗಿದ ಮೇಲೂ ಊರಿನ ದಾರಿಯು ಉಳಿಯುವಂತೆ. ಕೈಕೆನ್ನರೂ ಅವರ ಶಸ್ತ್ರವೈದ್ಯ ಮಿತ್ರರೂ ಆ ನರಗಳನ್ನು ಎದೆಯ ಸ್ನಾಯುಗಳಿಗೆ ಕೂಡಿಸಿದರು. ಕೆಲವು ತಿಂಗಳುಗಳಲ್ಲಿ ನರಗಳು ಅಲ್ಲಿ ಬೇರೂರಿದುವು. ಅನಂತರ ಅವನು ಅಂಗೈಯನ್ನು ಮುಚ್ಚಬೇಕೆಂದು ನೆನೆದರೆ ಎದೆಯ ಒಂದು ಭಾಗವೂ, ಮೊಳಕೈಯನ್ನು ಮಡಿಸಬೇಕೆಂದರೆ ಬೇರೊಂದು ಭಾಗವೂ ಬಿಗಿಯತೊಡಗಿದುವು. ಆ ಬಿಗಿತಗಳಿಂದ ಯಂತ್ರದ ತೋಳು ನಡೆಯಿತು. ಯಾರೂ ನಿರೀಕ್ಷಿಸದಿದ್ದ ಇನ್ನೊಂದು ಸಂಗತಿಯೂ ಒದಗಿತು. ಅವನ ಎದೆಯ ಆ ಭಾಗವನ್ನು ಮುಟ್ಟಿದರೆ, ಇಲ್ಲದ ಕೈಯನ್ನು ಮುಟ್ಟಿದಂತೆ ಅವನಿಗೆ ತೋರುತ್ತಿತ್ತು. ಸ್ಪರ್ಶದ ನರಗಳೂ ಚರ್ಮಕ್ಕೆ ಬೇರು ಬಿಟ್ಟಿದ್ದುವು.

ಇದು ಸೋದರಿಯವರ ಎರಡನೆಯ ಪ್ರಶ್ನೆಗೆ ದಾರಿಯನ್ನು ತೆರೆಯುವುದು. ಅಂಗೈ ಮತ್ತು ಬೆರಳುಗಳ ಚರ್ಮದಲ್ಲಿ ಸ್ಪರ್ಶವನ್ನು ಅರಿಯುವ ಸುಮಾರು 17,000 ನರತುದಿಗಳುಂಟೆಂದು ಲೆಕ್ಕ ಹಾಕಿರುವರು. ಕತ್ತಲಲ್ಲಿ ಬೆಂಕಿಪೆಟ್ಟಿಗೆಯನ್ನು ತಡಕಿ ಹುಡುಕುವ, ಹಪ್ಪಳವನ್ನು ಮುರಿಯದಂತೆ ಎತ್ತುವ ಗೃಹಿಣಿಗೆ ಇವುಗಳ ಬೆಲೆಯನ್ನು ನಾವು ಹೇಳಬೇಕಾದುದಿಲ್ಲ. 2013ರಲ್ಲಿ ರೋಮ್ ನಗರದಲ್ಲಿ ಡೆನ್ಮಾರ್ಕಿನ ಗೃಹಸ್ಥನೊಬ್ಬನ ತೋಳಿನ ನರಗಳೊಳಗೆ ಕೂದಲಿಗಿಂತಲೂ ತೆಳ್ಳಗಿರುವ ವಿದ್ಯುದ್ವಾಹಕಗಳನ್ನು ಸೇರಿಸಿದರು. ಪಟಾಕಿಯಿಂದ ಅವನ ಎಡಗೈ ಹೋಗಿ ಸುಮಾರು ಒಂಬತ್ತು ವರ್ಷಗಳಾಗಿದ್ದುವು. ಕೃತಕ ಬೆರಳಿನ ಮೇಲೆ ಬಿದ್ದ ಒತ್ತಡವನ್ನು ಯಂತ್ರವು ವಿದ್ಯುತ್ತಿನ ಮಿಡಿತಗಳನ್ನಾಗಿ ಮಾಡಿ ನರಗಳಿಗೆ ಕಳುಹಿಸುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದ್ದರೂ ಅವನು ಹಿಡಿದುದು ಮೃದುವೋ ಗಟ್ಟಿಯೋ, ಗುಂಡಗಿದೆಯೋ ಮೂಲೆಗಳುಳ್ಳದ್ದೋ ಎಂಬುದನ್ನು ಹೇಳಬಲ್ಲವನಾದನು. ಇಟಲಿಯ ಸಿಲ್ವೆಸ್ಟ್ರೊ ಮಿಚೆರಾ ಮೊದಲಾದವರು ನಡೆಸಿದ ಈ ಪ್ರಯೋಗದ ವರದಿಯು 2014ರಲ್ಲಿ ಹೊರಬಂದಿತು. ಅದು ಪ್ರಯೋಗಶಾಲೆಯ ಮಾತು. ತಿಂಗಳೊಂದಾದ ಮೇಲೆ ಆ ತಂತಿಗಳನ್ನು ತೆಗೆಯಲೇಬೇಕಾಗಿ ಬಂದಿತು. ತನ್ನ ಕೈಯನ್ನು ಎರಡನೆಯ ಸಲ ಕಳೆದುಕೊಂಡವನ ಮನಸ್ಸು ಹೇಗಿದ್ದಿತೋ ಎಂದು ನಮಗೆ ಎಷ್ಟೋ ಸಲ ಅನಿಸಿರುವುದು.

ಮನೆಗೆ ಹೋಗಿ ಬಾಳುವೆಯನ್ನು ನಡೆಸುವವರಿಗೆ ಇಂತಹ ಕೈಯನ್ನು ಕೊಟ್ಟವರು ಸ್ವೀಡನ್ ದೇಶದವರು. ಟೈಟೇನಿಯಂ ಎಂಬ ಲೋಹವು ಎಲುಬಿನೊಡನೆ ಬೆಸೆದುಕೊಳ್ಳುವುದೆಂಬುದನ್ನು ಆ ದೇಶದ ಬ್ರೋನೆಮಾರ್ಕ್ ಎಂಬ ವೈದ್ಯರು 1950ರ ದಶಕದಲ್ಲಿಯೇ ಕಂಡಿದ್ದರು. ಇಂದು ಹಲ್ಲಿನ ವೈದ್ಯರು ದವಡೆಗೆ ತಿರುಪನ್ನು ಕೂರಿಸುವುದು ಅದರ ಫಲವೇ. ಗೋಥೆನ್‌ಬರ್ಗಿನ ಮ್ಯಾಕ್ಸ್ ಓರ್ಟಿಸ್ ಕತಲಾನ್ ಮತ್ತು ಅವರ ಜತೆಯವರು ತೋಳಿನ ಎಲುಬಿನೊಳಗೆ ಅಂತಹ ತಿರುಪನ್ನು ನೆಟ್ಟು, ನರ ಮತ್ತು ಸ್ನಾಯುಗಳ ತಂತಿಗಳನ್ನು ಅದರ ಒಳಗಿನಿಂದಲೇ ಹೊರಕ್ಕೆ ತಂದರು. ಮೊದಲನೆಯ ಶಸ್ತ್ರಕ್ರಿಯೆಯು 2013ರಲ್ಲಿ ಲಾರಿಯ ಚಾಲಕನೊಬ್ಬನಿಗೆ ನಡೆಯಿತು. 2020ರ ವರದಿಯ ವೇಳೆಗೆ ನಾಲ್ವರು ಮೂರರಿಂದ ಏಳು ವರ್ಷಗಳವರೆಗೆ ಈ ಕೈಯೊಂದಿಗೆ ನಿತ್ಯದ ಬದುಕನ್ನು ನಡೆಸಿದ್ದರು. ಪಟ್ಟಿಯಿಲ್ಲ, ತೋಳನ್ನು ಬಿಗಿಯುವ ಬಟ್ಟಲಿಲ್ಲ, ಬೆವರಿಗೆ ಜಾರುವ ಬಿಲ್ಲೆಗಳಿಲ್ಲ. ಸೆಕೆಯ ನಾಡಿನವರಾದ ನಮಗೆ ಈ ಕೊನೆಯ ಮಾತೇ ಎಲ್ಲಕ್ಕಿಂತ ಹೆಚ್ಚಿನದಾಗಿ ತೋರುವುದು.

ಶಾಖದ ವಿಷಯವೂ ಒಂದುಂಟು. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೈಯನ್ನು ಕಳೆದುಕೊಂಡವರ ಉಳಿದ ತೋಳಿನ ಕೆಲವು ಚುಕ್ಕೆಗಳನ್ನು ಬಿಸಿಮಾಡಿದರೆ ಅಥವಾ ತಣಿಸಿದರೆ ಆ ಬಿಸಿಯೂ ತಂಪೂ ಇಲ್ಲದ ಅಂಗೈಯಲ್ಲಿ ತೋರುವುದೆಂದು 27 ಜನರಲ್ಲಿ 17 ಜನರು ಹೇಳಿದರು. ಮರುವರ್ಷ ಅದೇ ತಂಡದವರು ಕೃತಕ ಬೆರಳಿನ ತುದಿಗೆ ತಾಪವನ್ನಳೆಯುವ ಸಾಧನವನ್ನು ಕೂಡಿಸಿ, ಬಿಸಿನೀರಿನ ಸೀಸೆ ಯಾವುದು ತಣ್ಣೀರಿನದು ಯಾವುದು ಎಂಬುದನ್ನು ಒಬ್ಬನು ಹೇಳುವಂತೆ ಮಾಡಿದರು. ಇದಕ್ಕೆ ಶಸ್ತ್ರಕ್ರಿಯೆಯೇ ಬೇಕಾಗಲಿಲ್ಲ. 2024ರಲ್ಲಿಯೇ ಇಟಲಿಯ ಪೀಸಾ ನಗರದ ಕ್ರಿಶ್ಚಿಯನ್ ಚಿಪ್ರಿಯಾನಿಯವರ ತಂಡವು ತಂತಿಗಳಿಗೆ ಬದಲು ಆರು ಚಿಕ್ಕ ಅಯಸ್ಕಾಂತಗಳನ್ನು ಮುಂಗೈಯ ಸ್ನಾಯುಗಳಲ್ಲಿ ಹುದುಗಿಸಿ, ಸ್ನಾಯುವಿನೊಡನೆ ಅವು ಸರಿಯುವುದನ್ನು ಹೊರಗಿನಿಂದ ಗುರುತಿಸಿ ಬೆರಳುಗಳನ್ನು ಆಡಿಸಿ ತೋರಿಸಿತು. ಅದು ಆರು ವಾರಗಳ ಪರೀಕ್ಷೆಯಾಗಿತ್ತು. ಆದುದರಿಂದ ‘ತಿಳಿಯುವ ಕೈ’ ಉಂಟೇ ಎಂದರೆ, ಉಂಟು. ಆದರೆ ಅದು ಬೆರಳೆಣಿಕೆಯ ಜನರಲ್ಲಿ, ದೂರದ ಆಸ್ಪತ್ರೆಗಳಲ್ಲಿ ಉಂಟು. ಎಷ್ಟು ಗದ್ದೆಯನ್ನು ಮಾರಿದರೂ ಅಂಗಡಿಯಲ್ಲಿ ಅದು ಇಂದು ದೊರೆಯುವುದಿಲ್ಲ. ಸೋದರಮಾವನು ತೋರಿಸಿದ ಕೈ ಮೊಟ್ಟೆಯನ್ನು ಒಡೆಯದಿದ್ದುದು ಬಹುಶಃ ಕಣ್ಣಿನ ಎಚ್ಚರದಿಂದ ಮತ್ತು ನಿಧಾನದಿಂದ.

ತೀರಿಕೊಂಡವರ ಕೈಯನ್ನೇ ಜೋಡಿಸುವರಲ್ಲ ಎಂದು ಯಾರಾದರೂ ಕೇಳಬಹುದು. ನಮ್ಮ ದೇಶದಲ್ಲಿ ಅದು 2015ರಲ್ಲಿ ಕೊಚ್ಚಿಯಲ್ಲಿ ಮೊದಲಾಯಿತು. ಪುಣೆಯಿಂದ ಮಣಿಪಾಲದ ಕಾಲೇಜಿಗೆ ಬರುತ್ತಿದ್ದಾಗ ಬಸ್ಸಿನ ಅಪಘಾತದಲ್ಲಿ ಎರಡು ಕೈಗಳನ್ನೂ ಕಳೆದುಕೊಂಡ ವಿದ್ಯಾರ್ಥಿನಿಗೆ 2017ರಲ್ಲಿ ಅಲ್ಲಿಯೇ ಹೊಸ ಕೈಗಳಾದುವು. ಆದರೆ ಪರರ ಅಂಗವನ್ನು ದೇಹವು ತಳ್ಳಿಹಾಕದಂತೆ ಜೀವಾವಧಿ ಔಷಧವನ್ನು ಸೇವಿಸುತ್ತಿರಬೇಕು. ಒಂದು ಕೈ ಗಟ್ಟಿಯಾಗಿರುವವನಿಗೆ ಆ ದಾರಿಯನ್ನು ಸುಲಭವಾಗಿ ಸೂಚಿಸಲಾಗದು.

ಇನ್ನು ಗದ್ದೆಯ ವಿಷಯ. ಮಾರಬಾರದು ಎಂಬುದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವು ಬೆಲೆಯೊಂದೇ ಅಲ್ಲ. ಹೊರದೇಶದ ಆ ಕೈಗಳಿಗೆ ಹಲವು ಲಕ್ಷ ರೂಪಾಯಿಗಳಾಗುವುದಲ್ಲದೆ, ಕೆಟ್ಟರೆ ಸರಿಮಾಡುವವರು ಹಳ್ಳಿಯಲ್ಲಿ ಸಿಕ್ಕುವುದಿಲ್ಲ. ಹುಡುಗನು ಬೆಳೆದು ತೋಳಿನ ಗಾತ್ರವು ಬದಲಾದರೆ ಬಟ್ಟಲನ್ನು ಹೊಸದಾಗಿ ಮಾಡಿಸಬೇಕು. ಬ್ಯಾಟರಿಗೂ ಮೋಟಾರಿಗೂ ಗದ್ದೆಯ ಕೆಸರು ಆಗದು. ಕೈಗೆ ತೊಡಿಸುವ ಚರ್ಮದ ಬಣ್ಣದ ಗವುಸಿಗೆ ಅರಿಸಿನದ ಕಲೆ ತಗುಲಿದರೆ ಹೋಗುವುದೇ ಇಲ್ಲ. ಈ ಕೈಗಳನ್ನು ಕಲ್ಪಿಸಿದವರು ಸಾರನ್ನ ಕಲಸಿ ಉಣ್ಣುವವರಲ್ಲ. ಆದರೆ ಕಾಯುವುದೂ ತಪ್ಪು. ಕೈ ಹೋದ ಆರು ತಿಂಗಳೊಳಗೆ ಏನಾದರೊಂದು ಕೃತಕ ಕೈಯನ್ನು ಕಟ್ಟಿಕೊಂಡವರೇ ಅದನ್ನು ಕೈಬಿಡದೆ ಬಳಸುವರೆಂದು 2008ರ ಇನ್ನೊಂದು ಪರಿಶೀಲನೆಯಿಂದ ತಿಳಿದುಬಂದಿರುವುದು. ತಡವಾದರೆ ಒಂದೇ ಕೈಯಿಂದ ನಡೆಸುವ ಅಭ್ಯಾಸವು ಬಲವಾಗಿ, ಎರಡನೆಯದು ಗೂಟಕ್ಕೆ ಹೋಗುವುದು. ಈ ಹುಡುಗನಿಗೆ ಎರಡು ತಿಂಗಳು ಕಳೆದಿರುವುವು.

ಆದುದರಿಂದ ಈಗಲೇ ಸಾಧಾರಣವಾದ ಕೈಯಿಂದ ಆರಂಭಿಸಬೇಕು. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪಿತವಾದ ಸರಕಾರದ ಕೃತಕಾಂಗಗಳ ಸಂಸ್ಥೆಯಿದೆ. ಬಡವರಿಗೆ ಇಂತಹ ಸಾಧನಗಳನ್ನು ಕೊಡಿಸುವ ಕೇಂದ್ರ ಸರಕಾರದ ಯೋಜನೆಯೊಂದು 1981ರಿಂದ ನಡೆದುಬಂದಿದೆ. ಜಯಪುರದ ಕಾಲಿಗೆ ಹೆಸರಾದ ಸಂಸ್ಥೆಯು ಕೈಗಳನ್ನೂ ಕೊಡುವುದು. ಬೆಂಗಳೂರಿನಲ್ಲಿ ಮೊಬಿಲಿಟಿ ಇಂಡಿಯಾ ಎಂಬ ಸಂಸ್ಥೆಯು 1994ರಿಂದ ಈ ಕೆಲಸವನ್ನು ಮಾಡುತ್ತಿರುವುದು. ಅಮೆರಿಕದ ಅರ್ನಿ ಮೆಡೋಸ್ ಎಂಬವರು ತೀರಿಕೊಂಡ ಮಗಳ ನೆನಪಿಗಾಗಿ ಕಲ್ಪಿಸಿದ ಪ್ಲಾಸ್ಟಿಕ್ಕಿನ ಕೈಯೊಂದನ್ನು ರೋಟರಿಯವರು ಶಿಬಿರಗಳಲ್ಲಿ ಧರ್ಮಾರ್ಥವಾಗಿ ಹಂಚುವರು. ಮೂರು ಬೆರಳುಗಳು ಆಡುವುವು, ಎರಡು ಸ್ಥಿರವಾಗಿರುವುವು. ಮಡಿಸಿದಲ್ಲಿ ಕೀಲು ಕಚ್ಚಿ ನಿಲ್ಲುವುದು. ಓದುಗರಿಗೆ ಗೆಟ್ಸನ ಕಬ್ಬಿಣದ ಕೈಯ ನೆನಪಾದರೆ ಆಶ್ಚರ್ಯವಿಲ್ಲ. ಐನೂರು ವರ್ಷಗಳ ಮೇಲೂ ಆ ಉಪಾಯವು ಹಳತಾಗಿಲ್ಲ. ಅದಕ್ಕೆ ಮೊಳಕೈಯೂ ಅದರ ಕೆಳಗೆ ಸಾಕಷ್ಟು ಮುಂಗೈಯೂ ಉಳಿದಿರಬೇಕು. ಆರು ಅಂಗುಲವು ಸಾಲುವುದೋ ಎಂಬುದನ್ನು ಅಳೆಯುವವರೇ ಹೇಳಬೇಕು. ಹೈದರಾಬಾದು, ಮುಂಬಯಿ ಮೊದಲಾದೆಡೆಗಳಲ್ಲಿ ನಮ್ಮ ತರುಣ ಇಂಜಿನಿಯರುಗಳು ಹೊರದೇಶದವಕ್ಕಿಂತ ಅಗ್ಗವಾದ ವಿದ್ಯುತ್ತಿನ ಕೈಗಳನ್ನು ಮಾಡುತ್ತಿರುವರು. ಎರಡು ಮೂರು ವರ್ಷಗಳ ಮೇಲೆ ಅವುಗಳನ್ನು ಕುರಿತು ಯೋಚಿಸಬಹುದು. ಅಲ್ಲಿಯತನಕ ಹುಡುಗನು ದಿನವೂ ಕೆಲವು ಹೊತ್ತು ಇಲ್ಲದ ಬೆರಳುಗಳನ್ನು ಮಡಿಸಿ ಬಿಡಿಸುವ ಅಭ್ಯಾಸವನ್ನು ಬಿಡದಿರಲಿ. ಆ ಸ್ನಾಯುಗಳು ಸೊರಗದಿದ್ದರೆ ಮುಂದೆ ಬರಲಿರುವ ಕೈಗೆ ಅವೇ ಒಡೆಯರು.

ಊಟದ ವಿಷಯದಲ್ಲಿ ತಾಯಿಯವರಿಗೆ ಒಂದು ಮಾತು. ಬಲಗೈ ಇಲ್ಲದವನಿಗೆ ಎಡಗೈಯೇ ಬಲಗೈ. ಈ ರಾತ್ರಿಯೇ ಅವನ ತಟ್ಟೆಯನ್ನು ಎಲ್ಲರ ಸಾಲಿನಲ್ಲಿ ಹಾಕಿರಿ, ಸೋದರಮಾವನನ್ನು ಅವನ ಪಕ್ಕದಲ್ಲಿಯೇ ಕೂರಿಸಿರಿ. ಹೊಸ ಕೈ ಬಂದ ಮೇಲೆ ಅವನು ಅದರಿಂದ ಮೊದಲು ಏನನ್ನು ಹಿಡಿದನೆಂಬುದನ್ನು ನಮಗೆ ಬರೆದು ತಿಳಿಸಬೇಕೆಂದು ಕೋರುವೆವು.